ಅತ್ತೆಯವರು ದೋಣಿ ಹತ್ತಿದ್ದು

ನಮ್ಮ ಕಡೆಯವರಿಗೆ ನೀರಿನ ಸಹವಾಸ ಅಷ್ಟಕ್ಕಷ್ಟೆ. ಕೆರೆ ತುಂಬಿದರೆ ನೋಡಲು ಹೋಗುತ್ತೇವೆ, ತುಂಬದಿದ್ದರೆ ಬೈಯಲು ಹೋಗುತ್ತೇವೆ. ಅರಸೀಕೆರೆಯವನಾದ ನಾನು ಸಮುದ್ರದ ವಿಷಯದಲ್ಲಿ ಧೈರ್ಯಶಾಲಿಯಾಗಿದ್ದದ್ದು ಅದನ್ನು ಕಾಣುವವರೆಗೆ ಮಾತ್ರ.

ತೊಂಬತ್ತರ ದಶಕದ ಕೊನೆಯಲ್ಲಿ ಅತ್ತೆಯವರನ್ನು ಗೋಕರ್ಣಕ್ಕೆ ಕರೆದೊಯ್ದಿದ್ದೆವು. ಅವರು ನಮ್ಮ ಕಡೆಯದೇ ಊರಾದ ಗಂಡಸಿಯಲ್ಲಿ ತೆಂಗಿನ ತೋಟ ಆಳಿದವರು, ಮೊಟ್ಟೆಯ ಹೆಸರು ಕೇಳಿದರೂ ಬಾಯಿ ಮುಕ್ಕಳಿಸುವವರು. ದರ್ಶನ ಮುಗಿದ ಮೇಲೆ ನನ್ನ ಹೆಂಡತಿಗೆ ಪಕ್ಕದ ತದಡಿಯನ್ನೂ ನೋಡುವ ಆಸೆ. ಅದೋ ಮೀನುಗಾರರ ಊರು. “ನಿಮ್ಮಮ್ಮನಿಗೆ ಏನು ಹೇಳೋಣ?” ಎಂದೆ. “ನದಿ ಸಮುದ್ರ ಸೇರೋ ಜಾಗ ಅನ್ರೀ, ಸುಳ್ಳೇನಲ್ವಲ್ಲ” ಎಂದಳು. ಬಸ್ಸು ಊರು ಮುಟ್ಟುವ ಮೊದಲೇ ಮೀನಿನ ವಾಸನೆ ಬಸ್ಸನ್ನು ಮುಟ್ಟಿತು. ಅತ್ತೆ ಮೂಗಿಗೆ ಸೆರಗು ಹಿಡಿದು ನನ್ನತ್ತ ತಿರುಗಿದರು. ನಾನು ಹುಟ್ಟಿದಾರಭ್ಯ ತೆಂಗಿನಮರವನ್ನೇ ಕಾಣದವನಂತೆ ಕಿಟಕಿಯಾಚೆ ನೋಡತೊಡಗಿದೆ.

ಇಳಿದವರು ಹಾಗೇ ನಿಂತುಬಿಟ್ಟೆವು. ಗುಡ್ಡಗಳು ಎರಡೂ ಕಡೆಯಿಂದ ನೀರನ್ನು ತಬ್ಬಿಕೊಂಡಿದ್ದವು. ಅಲೆಗಳು ತಮ್ಮ ಅಬ್ಬರವನ್ನು ಚಪ್ಪಲಿಯಂತೆ ಹೊರಗೇ ಬಿಟ್ಟು ಒಳಗೆ ಬಂದಂತಿತ್ತು. ದೋಣಿಗಳು ಕಟ್ಟಿಹಾಕಿದ ಎಮ್ಮೆಗಳಂತೆ ನೆಮ್ಮದಿಯಾಗಿ ತೂಗುತ್ತಿದ್ದವು. ಅತ್ತೆಯ ಸೆರಗು ತಾನಾಗಿಯೇ ಕೆಳಗಿಳಿಯಿತು. “ಏನ್ ಚೆಂದಾಗೈತೆ! ಶಿವ್ನೇ ನಿಂತು ಕೆರೆ ಏರಿ ಕಟ್ಟಿಸವ್ನೆ” ಎಂದರು.

ಮೀನು ಆರಿಸುತ್ತಿದ್ದ ಹೆಂಗಸೊಬ್ಬಳು ಬುಟ್ಟಿ ಎತ್ತಿಕೊಂಡು ದೋಣಿ ಹತ್ತಿದವಳು, “ಆಚೆ ದಡ ನೋಡ್ಕಂಡು ಬರೂದಾದ್ರೆ ಬನ್ನಿ ಅಮ್ಮ” ಎಂದು ಕೈ ಚಾಚಿದಳು. “ಬೇಡಿ ಅತ್ತೆ, ತಲೆ ಸುತ್ತುತ್ತೆ” ಎಂದೆ. ದೋಣಿಯನ್ನು ನೋಡಿಯೇ ನನ್ನ ತಲೆ ಆಗಲೇ ಸುತ್ತತೊಡಗಿತ್ತು. ಆ ಕೈಗೆ ಮೀನಿನ ಹುರುಪೆ ಅಂಟಿ ಮಿನುಗುತ್ತಿತ್ತು. ಇನ್ನು ಮುಗಿಯಿತು ಎಂದು ಕಣ್ಣು ಮುಚ್ಚಿದೆ. ತೆರೆದಾಗ ಅತ್ತೆ ಆ ಕೈಯನ್ನೇ ಬಿಗಿಯಾಗಿ ಹಿಡಿದು ದೋಣಿಯೊಳಗಿದ್ದರು, ಹಿಂದೆಯೇ ನನ್ನ ಹೆಂಡತಿ. “ನೀವೂ ಬನ್ರೀ!” ಎಂದು ಅವಳು ಕೂಗಿದಳು. “ಬ್ಯಾಗ್ ನೋಡ್ಕೊಳ್ಳೋರು ಬೇಡ್ವಾ?” ಎಂದೆ. ಬ್ಯಾಗಿನಲ್ಲಿದ್ದದ್ದು ಒದ್ದೆ ಟವೆಲ್ಲು.

ಅತ್ತೆ ಮರಳಿದಾಗ ಮುಖದ ತುಂಬ ನೀರ ಹನಿ, ನಗು. ಗಂಟು ಬಿಚ್ಚಿ ಕೊಬ್ಬರಿ ಉಂಡೆ ತೆಗೆದು, “ತಿನ್ನವ್ವ, ನಮ್ ತ್ವಾಟದ್ದು” ಎಂದು ಆ ಹೆಂಗಸಿನ ಕೈಗಿಟ್ಟರು. ತಾವೂ ಅವಳ ಪಕ್ಕದಲ್ಲೇ ಕೂತು ಒಂದು ತಿಂದರು. ಬಾಯಿ ಮುಕ್ಕಳಿಸಲಿಲ್ಲ.

ಗಂಡಸಿಯ ಮನೆಗೆ ಮರಳಿದಾಗ ನೆರೆಯವರೆಲ್ಲ ಸೇರಿ, “ಭಯ ಆಗ್ಲಿಲ್ವೇನಕ್ಕ?” ಎಂದು ಕೇಳಿದರು. “ಯಾಕಾದಾತು? ನಮ್ಮ ಅಳಿಯಂದ್ರು ದಡದಾಗೆ ಕಾವಲು ನಿಂತಿದ್ರಲ್ಲ” ಎಂದರು ಅತ್ತೆ. ಹೆಂಡತಿ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು. ಉಳಿದವರೆಲ್ಲ ನನ್ನನ್ನು ಗೌರವದಿಂದ ನೋಡಿದರು. ಅದು ಹಾಗಲ್ಲ ಎನ್ನುವಷ್ಟು ಧೈರ್ಯವೂ ನನಗಿರಲಿಲ್ಲ.