ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ

ಎಲ್ಲದಕ್ಕೂ ಕಾರಣ ಒಂದು ಸೊನ್ನೆ. ಮಹದೇವಪುರದ ಆ ಅಪಾರ್ಟ್‌ಮೆಂಟಿನ ಬಾಗಿಲ ಬಳಿಯ ಟೀವಿಯಲ್ಲಿ ಮೂರು ದಿನದ ಸುದ್ದಿಗಳು ಮಾತ್ರ ಬರುತ್ತಿದ್ದವು. ಭಾನುವಾರ ಪರದೆ ಬೋಳಾಗಿ ಕಂಡಿತೆಂದು ಮ್ಯಾನೇಜರ್ ಸಿದ್ಧಲಿಂಗೇಶ ಮೂರರ ಪಕ್ಕ ಒಂದು ಸೊನ್ನೆ ಸೇರಿಸಿ, ಮೂವತ್ತು ದಿನ ಮಾಡಿ, ಮನೆಗೆ ಹೋದ.

ಶಿವಾಜಿನಗರದ ಸಂಜೆ ತರಗತಿಯಲ್ಲಿ ಕಲಿತ ವಿದ್ಯೆ ಅದು. ಜಾಲತಾಣಗಳ ಫೀಡುಗಳನ್ನು, ಎಂದರೆ ಹೊಸ ಸುದ್ದಿಯ ಸಾಲುಗಳನ್ನು, ಕಾಲುಗಂಟೆಗೊಮ್ಮೆ ತಾನೇ ಹೋಗಿ ಹೆಕ್ಕಿ ತರುವ, ಲೈಬ್ರರಿ ಎಂದು ಕರೆಯುವ ಸಿದ್ಧ ಪ್ರೋಗ್ರಾಮೊಂದನ್ನು ಯಾರೋ ಪುಣ್ಯಾತ್ಮರು ಬರೆದು ಪುಕ್ಕಟೆ ಬಿಟ್ಟಿದ್ದರು. ಅದನ್ನು ಬಳಸಿ ಅವನು ಕರೆಂಟು, ನೀರು, ಮಳೆ, ನಿವಾಸಿಗಳ ಸಂಘದ ಬ್ಲಾಗು ಎಲ್ಲವನ್ನೂ ಒಂದೇ ಪರದೆಗೆ ತಂದಿದ್ದ. ಅದರ ಫಲವಾಗಿಯೇ, ಮೂರು ವರ್ಷದಿಂದ ತಾತ್ಕಾಲಿಕವಾಗಿದ್ದ ಅವನ ಕೆಲಸ ಸೋಮವಾರ ಸಂಜೆ ಐದರ ಸಭೆಯಲ್ಲಿ ಖಾಯಂ ಆಗಲಿತ್ತು. ಅಧ್ಯಕ್ಷ ಸಂಜೀವಪ್ಪನವರ ಸಹಿಯೊಂದೇ ಬಾಕಿ.

ಸೋಮವಾರ ಬೆಳಿಗ್ಗೆ ಆರೂವರೆಗೆ ವಾಚ್‌ಮನ್ ಮಂಜೂರ್ ಫೋನ್ ಮಾಡಿದ.

"ಸಾರ್, ಸಂಜೀವಪ್ಪ ಸಾರ್ ಹೋಗ್ಬಿಟ್ರಂತೆ."

"ಯಾರ್ ಹೇಳಿದ್ರು?"

"ನಿಮ್ ಟೀವಿನೇ ಹೇಳ್ತಾ ಐತೆ ಸಾರ್."

ಸಿದ್ಧಲಿಂಗೇಶ ಹೊಸ ತಿಪ್ಪಸಂದ್ರದಿಂದ ಬಸ್ಸು ಹಿಡಿದು ಬರುವಷ್ಟರಲ್ಲಿ ಶಾಮಿಯಾನ ಎದ್ದಿತ್ತು, ಕುರ್ಚಿಗಳು ಬಂದಿದ್ದವು, ಐಸ್ ಪೆಟ್ಟಿಗೆ ಗೇಟಿನೊಳಗೆ ಇಳಿಯುತ್ತಿತ್ತು. ಸಂಜೀವಪ್ಪನವರ ಮನೆಗೆ ಬೀಗ. ಹೆಣ ಇನ್ನೂ ಆಸ್ಪತ್ರೆಯಲ್ಲಿರಬೇಕೆಂದು ಎಲ್ಲರೂ ಸೇರಿ ತೀರ್ಮಾನಿಸಿದ್ದರು. ಪಕ್ಕದ ಮನೆಯ ಮುನಿರಾಜು ಹೆಣ್ಣಿನ ಕಡೆಯ ಹಿರಿಯನ ಹಾಗೆ ಓಡಾಡುತ್ತ ಬಂದವರಿಗೆ ಕಾಫಿ ಕೊಡಿಸುತ್ತಿದ್ದರು.

ಅಷ್ಟರಲ್ಲಿ ಮಂಕಿಕ್ಯಾಪಿನ ಮುದುಕರೊಬ್ಬರು ವಾಕಿಂಗ್ ಮುಗಿಸಿ, ಹೆಂಡತಿಯ ಕೈಯಲ್ಲಿ ಸೊಪ್ಪಿನ ಚೀಲ ಹೊರಿಸಿಕೊಂಡು ಬಂದು, ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತರು. ಕಾಫಿ ಬಂತು.

"ಯಾರಪ್ಪಾ ಹೋಗಿದ್ದು?"

ಮುನಿರಾಜು ಫೋನಿನಿಂದ ತಲೆ ಎತ್ತಲಿಲ್ಲ. "ಸಂಜೀವಪ್ಪನೋರು. ಒಳ್ಳೆ ಮನುಷ್ಯ. ಬಾಯಿ ಮಾತ್ರ ಹರಕು."

"ಹೌದಾ," ಎಂದರು ಸಂಜೀವಪ್ಪ. "ಸಕ್ಕರೆ ಕಮ್ಮಿ ಆಗೈತೆ."

ಸಿದ್ಧಲಿಂಗೇಶ ಆಫೀಸಿಗೆ ಓಡಿ ಕಂಪ್ಯೂಟರ್ ತೆರೆದ. ಸೂಚನೆ ಇಪ್ಪತ್ತೇಳು ದಿನ ಹಳೆಯದು. ಆಗ ಸಂಜೀವಪ್ಪ ಐಸಿಯುನಲ್ಲಿದ್ದರು. ಸಂಘದ ಬ್ಲಾಗಿನಲ್ಲಿ ಶ್ರದ್ಧಾಂಜಲಿ ಬಂದಿದ್ದು ಹನ್ನೊಂದು ಹತ್ತಕ್ಕೆ, ಅಳಿಸಿದ್ದು ಹನ್ನೊಂದು ಹದಿನಾಲ್ಕಕ್ಕೆ. ಆ ನಾಲ್ಕು ನಿಮಿಷದಲ್ಲೇ ಲೈಬ್ರರಿ ಬಂದು ಹೆಕ್ಕಿಕೊಂಡು ಹೋಗಿ ಜೋಪಾನವಾಗಿ ಇಟ್ಟುಕೊಂಡಿತ್ತು. ಆ ವಾರ ಟೀವಿ ರಿಪೇರಿಗೆ ಹೋಗಿದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬರೆದವರು ಕಾರ್ಯದರ್ಶಿ ವಿಮಲಾಕ್ಷಿ. ಅವರು ಅವನ ಹಿಂದೆಯೇ ಬಂದು ಬಾಗಿಲು ಹಾಕಿದರು.

"ಡಾಕ್ಟ್ರೇ ಕೈ ಚೆಲ್ಲಿದ್ರು ರೀ. ರೆಡಿ ಇರ್ಲಿ ಅಂತ ಟೈಪ್ ಮಾಡಿದ್ದೆ, ಬೆರಳು ತಾಗ್ಬಿಡ್ತು. ನನ್ ಹೆಸ್ರು ಎತ್ಬೇಡಿ. ಸಂಜೆ ನಿಮ್ ವಿಷ್ಯ ಬೇರೆ ಇದೆ."

ಹಾಗಾಗಿ ಸಿದ್ಧಲಿಂಗೇಶ ಒಬ್ಬನೇ ಹೋಗಿ ಸಂಜೀವಪ್ಪನವರ ಮುಂದೆ ತಲೆತಗ್ಗಿಸಿ ನಿಂತ. "ತಪ್ಪಾತ್ರೀ ಸರ್. ಲೈಬ್ರರಿಯಿಂದ ಹಳೇ ಫೀಡ್ ಬಂದ್ಬಿಟ್ಟೈತ್ರಿ."

"ಲೈಬ್ರರಿಯಿಂದ ತಂದಿದ್ನ ಓದಿ ವಾಪಸ್ ಕೊಡ್ಬೇಕು ಕಣಪ್ಪ," ಎಂದರು ಸಂಜೀವಪ್ಪನವರ ಹೆಂಡತಿ ಅಕ್ಕಯಮ್ಮ.

"ಫೀಡ್ ವಿಷ್ಯ ನಂಗ್ ಹೇಳ್ಬೇಡ ಲಿಂಗೇಶಾ. ಈ ಬಿಲ್ಡಿಂಗ್ ನಿಂತಿರೋ ಜಾಗದಲ್ಲೇ ನಲವತ್ತು ಹಸ ಕಟ್ಟಿದ್ದೋನು ನಾನು. ಹಳೇ ಫೀಡ್ ಹಾಕಿದ್ರೆ ಹೊಟ್ಟೆ ಉಬ್ಕೊಂಡು ಸಾಯ್ತವೆ." ಸಂಜೀವಪ್ಪ ಲೋಟ ಕೆಳಗಿಟ್ಟರು. "ಐದು ಗಂಟೆ ಒಳಗೆ ನನ್ ಹೆಸ್ರು ಆ ಟೀವಿಯಿಂದ ಹೋಗ್ಬೇಕು. ಹೋದ್ರೆ ಸೈನು. ಇಲ್ಲಾಂದ್ರೆ ನೀನೇ ಹೋಗ್ಬೇಕು."

ಸುದ್ದಿಗಳ ತಲೆಬರಹ ಒಂದು ಪಟ್ಟಿಯಲ್ಲಿ, ಒಡಲು ಇನ್ನೊಂದು ಪಟ್ಟಿಯಲ್ಲಿ ಇದ್ದವು. ಅವನು ಶ್ರದ್ಧಾಂಜಲಿಯ ಒಡಲನ್ನು ಅಳಿಸಿದ. ತಲೆಬರಹ ಹಾಗೇ ಉಳಿಯಿತು. ಕೆಳಗಿದ್ದ ವಿದ್ಯುತ್ ನಿಲುಗಡೆಯ ಸುದ್ದಿ ಮೇಲೆ ಸರಿದು ಆ ತಲೆಗೆ ಅಂಟಿಕೊಂಡಿತು. ಜನರೇಟರ್ ಬಲದಿಂದ ಟೀವಿ ಸಾರಿತು:

'ಶ್ರೀ ಸಂಜೀವಪ್ಪನವರು ಇಂದು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಇರುವುದಿಲ್ಲ. ನಂತರ ಎಂದಿನಂತೆ ಇರುತ್ತಾರೆ. ನಿವಾಸಿಗಳು ಸಹಕರಿಸಬೇಕು.'

'ಇರುತ್ತದೆ' ಎಂದಿದ್ದದ್ದು 'ಇರುತ್ತಾರೆ' ಆದದ್ದು ಅವನದೇ ಕೈವಾಡ. ಗೌರವ ಕಮ್ಮಿಯಾಗಬಾರದೆಂದು ಗಾಬರಿಯಲ್ಲಿ ತಿದ್ದಿದ್ದ.

ಇಡೀ ಅಪಾರ್ಟ್‌ಮೆಂಟು ಟೀವಿ ಮುಂದೆ ನೆರೆಯಿತು. "ಪಾರ್ಟ್ ಟೈಮ್ ಸಾವು ಇದು," ಎಂದರು ಮುನಿರಾಜು. ಶಾಮಿಯಾನದವನು ಗಂಟುಮುಖ ಹಾಕಿಕೊಂಡು ಕಟ್ಟಿದ್ದ ಶಾಮಿಯಾನ ಬಿಚ್ಚಿದ; ಐಸ್ ಪೆಟ್ಟಿಗೆ ಖಾಲಿ ವಾಪಸಾಯಿತು. ಸಿದ್ಧಲಿಂಗೇಶ ಒಂದು ಸಲ ಅಳಿಸಿದರೆ ಲೈಬ್ರರಿ ಇಟ್ಟುಕೊಂಡಿದ್ದ ಪ್ರತಿಯಿಂದ ಕಾಲುಗಂಟೆಗೆ ಅದು ಮತ್ತೆ ಬರುತ್ತಿತ್ತು. ಊಟ ಬಿಟ್ಟ. ನಾಲ್ಕೂವರೆಗೆ ಕೊನೆಯ ಉಪಾಯವಾಗಿ ಒಂದು ಸಾಲು ಬರೆದ: ಸಂಜೀವಪ್ಪ ಎಂಬ ಹೆಸರಿರುವ ಯಾವ ಸುದ್ದಿಯನ್ನೂ ತೋರಿಸಬೇಡ. ಪರದೆ ತೊಳೆದಿಟ್ಟ ತಟ್ಟೆಯಂತಾಯಿತು.

ಕುರ್ಚಿಗಳು ಇನ್ನೂ ಅಲ್ಲೇ ಇದ್ದವು. ಸಂಜೀವಪ್ಪ ಅದೇ ಮುಂದಿನ ಸಾಲಿನಲ್ಲಿ ಕೂತು ಪರದೆಯನ್ನು ಎರಡು ಸುತ್ತು ನೋಡಿದರು.

"ಪರ್ವಾಗಿಲ್ಲ ಕಣೋ. ಕೊಡು ಇಲ್ಲಿ."

ಅವನು ಆದೇಶಪತ್ರ ಕೊಟ್ಟ. ಅವರು ತೊಡೆಯ ಮೇಲಿಟ್ಟುಕೊಂಡು ದುಂಡಗೆ ಬರೆಯತೊಡಗಿದರು. ಸಂ. ಜೀ. ಅಲ್ಲಿಗೆ ಪೆನ್ನು ನಿಂತಿತು. ಯೋಚಿಸುತ್ತಿದ್ದಾರೆಂದು ಸಿದ್ಧಲಿಂಗೇಶ ವಿನಯದಿಂದ ಕಾದ. ಗಡಿಯಾರ ಐದು ಹೊಡೆದ ಮೇಲೂ ಕಾದ. ಪೆನ್ನು ಬೆರಳಿಂದ ಜಾರಿ ನೆಲಕ್ಕೆ ಬಿದ್ದಾಗ ಅವನಿಗೆ ತಿಳಿಯಿತು. ಕೆಳಗಿನ ಮನೆಯ ಡಾಕ್ಟರು ಬಂದು ಕೈ ಹಿಡಿದು ನೋಡಿ ತಲೆ ಅಲ್ಲಾಡಿಸಿದರು.

ಶಾಮಿಯಾನದವನಿಗೆ ಫೋನ್ ಮಾಡಿದರೆ, "ಬೆಳಿಗ್ಗೆನೇ ಆಯ್ತಲ್ಲ ಸಾರ್, ಸಾಕು ತಮಾಷೆ," ಎಂದು ಇಟ್ಟ. ಬೆಳಿಗ್ಗೆ ಓಡಿ ಬಂದಿದ್ದವರು ಯಾರೂ ಬಾಗಿಲು ತೆರೆಯಲಿಲ್ಲ. ವಿಮಲಾಕ್ಷಿ ಸಾವಿನ ಸೂಚನೆ ಬರೆದು ಬ್ಲಾಗಿಗೆ ಹಾಕಿದರು. ಟೀವಿ ಮಳೆಯ ಮುನ್ಸೂಚನೆ ತೋರಿಸುತ್ತ ಸುಮ್ಮನಿತ್ತು.

ಅಕ್ಕಯಮ್ಮ ಗಂಡನ ಕ್ಯಾಪು ಸರಿಮಾಡಿ, ಸಿದ್ಧಲಿಂಗೇಶನ ಕಡೆ ತಿರುಗಿದರು. "ಬದುಕಿದ್ದಾಗ ಹಾಕ್ದೆ. ಸತ್ತ ಮೇಲೆ ತೆಗ್ದೆ. ಏನ್ ದ್ವೇಷನಪ್ಪ ನಿಂಗೆ ನಮ್ ಯಜಮಾನ್ರ ಮೇಲೆ?"

ಅವನು ಓಡಿಹೋಗಿ ತಡೆಯ ಸಾಲನ್ನು ಕಿತ್ತುಹಾಕಿ ಬಂದ. ವಿಮಲಾಕ್ಷಿ ಆದೇಶಪತ್ರವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಈಗ ಅಧ್ಯಕ್ಷತೆಯೂ ಅವರದೇ.

"ಅರ್ಧ ಸೈನು ಸೈನಲ್ಲ ರೀ. ಬೆಳಿಗ್ಗೆ ನಡೆದಿದ್ದಕ್ಕೆ ಯಾರಾದ್ರೂ ಜವಾಬ್ದಾರಿ ತಗೋಬೇಕಲ್ಲ. ನೀವು ಹೇಗಿದ್ರೂ ಒಪ್ಕೊಂಡಿದ್ದೀರಿ."

ಆರು ಗಂಟೆಗೆ ಮುನಿರಾಜು ಕೆಳಗಿಳಿದು ಬಂದರು. ಕುರ್ಚಿಯಲ್ಲಿ ಕೂತಿದ್ದ ಸಂಜೀವಪ್ಪನವರನ್ನು ನೋಡಿದರು. ಆಗಲೇ ಟೀವಿ ಮಿನುಗಿ, ತಡೆ ಹೋದ ಸಡಗರದಲ್ಲಿ, ಹೊಸ ಸೂಚನೆಯನ್ನು ಬಿಟ್ಟು ಬೆಳಗಿನ 'ಎಂದಿನಂತೆ ಇರುತ್ತಾರೆ' ಸೂಚನೆಯನ್ನೇ ಎತ್ತಿ ತೋರಿಸಿತು. ಮುನಿರಾಜು ಅದನ್ನು ಪೂರ್ತಿ ಓದಿ, ಕೈಗಡಿಯಾರ ನೋಡಿಕೊಂಡು, ಸಿದ್ಧಲಿಂಗೇಶನ ಕಿವಿಯ ಬಳಿ ಬಗ್ಗಿದರು.

"ಐದು ದಾಟಿ ಒಂದ್ ಗಂಟೆ ಆಯ್ತಲ್ರೀ. ಇನ್ನೂ ಯಾಕೆ ಎದ್ದಿಲ್ಲ?"