ಏಳು ಸೀಟಿನ ಕಾರಿನಲ್ಲಿ ಒಂದು ತೂಗುಮಣೆ

ಹೊಸ ವಸ್ತುವನ್ನು ಕೊನೆಯವರೆಗೂ ಹೊಸದಾಗಿಯೇ ಇಟ್ಟುಕೊಳ್ಳಬೇಕೆಂಬ ಹುಚ್ಚು ಕೆಲವರಿಗಿರುತ್ತದೆ. ಮುಚ್ಚುಮರೆ ಏಕೆ, ಆ ಕೆಲವರಲ್ಲಿ ನಾನೂ ಒಬ್ಬ. ನಮ್ಮ ಮನೆಯ ಟೀವಿ ರಿಮೋಟು ಇವತ್ತಿಗೂ ಪ್ಲಾಸ್ಟಿಕ್ ಅಂಗಿ ತೊಟ್ಟುಕೊಂಡೇ ಇದೆ. ಒಳಗಿನ ಅಂಕಿಗಳು ಕಾಣದೆ ವಾರ್ತೆ ಹಾಕಲು ಹೋಗಿ ಭಜನೆ ಕೇಳಿದ ಸಂಜೆಗಳು ಎಷ್ಟೋ! ಇಂಥ ನಾನು ಏಳು ಸೀಟಿನ ಎಸ್‌ಯುವಿ ಕೊಂಡರೆ ಏನಾಗಬೇಕೋ ಅದೇ ಆಯಿತು. ದೇವಸ್ಥಾನದ ಮುಂದೆ ಮಂಗಳಾರತಿ ಮಾಡಿಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಅಲ್ಲಿಂದ ಸೀದಾ ಸೀಟ್ ಕವರ್ ಅಂಗಡಿಗೆ ಹೋದೆ. ಅಂಗಡಿಯವನು ಷೋರೂಮಿನ ಪ್ಲಾಸ್ಟಿಕ್ಕನ್ನು ಕೀಳಲು ಕೈ ಹಾಕಿದಾಗ "ಅದು ಹಾಗೇ ಇರ್ಲಿ ಕಣಪ್ಪ, ಅದರ ಮೇಲೇ ಹಾಕು" ಎಂದೆ. ಅವನು ನನ್ನ ಮುಖವನ್ನು ಒಂದು ಸಲ ನೋಡಿ, ಹಾಗೇ ಹಾಕಿದ. ಆ ಕವರ್ ಕೊಳೆಯಾಗದಿರಲಿ ಎಂದು ನನ್ನ ಹೆಂಡತಿ ಸುಮಿತ್ರ ಅದರ ಮೇಲೆ ಟರ್ಕಿ ಟವೆಲ್ ಹಾಸಿದಳು. ಸೀಟಿನ ನಿಜವಾದ ಬಣ್ಣ ಯಾವುದೆಂದು ಯಾರಾದರೂ ಕೇಳಿದರೆ ನಮಗೆ ಗೊತ್ತಿರಲಿಲ್ಲ.

ಇಬ್ಬರೇ ಇರುವ ಸಂಸಾರಕ್ಕೆ ಏಳು ಸೀಟು ಯಾಕೆ ಎಂದು ನೀವು ಕೇಳಬಹುದು. ಸುಮಿತ್ರಳೂ ಕೇಳಿದ್ದಳು. ತಪ್ಪು ಷೋರೂಮಿನ ಹುಡುಗಿಯದು. ಆಕೆ ಹಿಂದಿನ ಬಾಗಿಲು ತೆಗೆದು, ಒಂದೇ ಬೆರಳಿನಿಂದ ಅಲ್ಲೊಂದು ಪಟ್ಟಿ ಎಳೆದು, ಇಲ್ಲೊಂದು ಹಿಡಿ ಎತ್ತಿ, ಎರಡು ಸಾಲು ಸೀಟುಗಳನ್ನು ಹಪ್ಪಳದ ಹಾಗೆ ಮಲಗಿಸಿಬಿಟ್ಟಳು. ಒಳಗೆ ಒಂದು ಸಣ್ಣ ಕೋಣೆಯೇ ತೆರೆದುಕೊಂಡಿತು! ನಮ್ಮ ಆರ್‌ಪಿಸಿ ಲೇಔಟಿನಲ್ಲಿ ಅಷ್ಟು ಜಾಗ ಸಿಕ್ಕರೆ ಜನ ಜೆರಾಕ್ಸ್ ಅಂಗಡಿ ಇಡುತ್ತಾರೆ. ನಾನು ಮನಸೋತೆ. ಅಲ್ಲಿಂದ ಮುಂದೆ ಕಂಡಕಂಡವರಿಗೆಲ್ಲ "ಸೀಟ್ ಮಡಚಿದ್ರೆ ಮನೇನೇ ಸಾಗಿಸಬಹುದು ಕಣ್ರೀ" ಎಂದು ಕೊಚ್ಚಿಕೊಂಡಿದ್ದೇ ಕೊಚ್ಚಿಕೊಂಡಿದ್ದು. ಮಡಚಿ ಮಾತ್ರ ಒಂದು ದಿನವೂ ನೋಡಿರಲಿಲ್ಲ, ಮಡಚಿದರೆ ಕವರಿಗೆ ಸುಕ್ಕು ಬೀಳುತ್ತದಲ್ಲ.

ಹೀಗಿರುವಾಗ ರಾಜಾಜಿನಗರದಲ್ಲಿದ್ದ ಸುಮಿತ್ರಳ ತವರುಮನೆ ಒಡೆಯುವ ಕಾಲ ಬಂತು. ಅತ್ತೆ ಮಾವ ತೀರಿಕೊಂಡು ಬಹಳ ವರ್ಷವಾಗಿದೆ. ಅವಳ ತಮ್ಮ ಮುರಳಿ ಹಳೆಯ ಹೆಂಚಿನ ಮನೆ ಕೆಡವಿಸಿ ಮೂರಂತಸ್ತು ಕಟ್ಟಿಸುತ್ತಿದ್ದಾನೆ. ಸುಮಿತ್ರ ಅವನ ಹತ್ತಿರ ಕೇಳಿದ್ದು ಒಂದೇ ಒಂದು: ನಡುಮನೆಯಲ್ಲಿ ತೂಗುಹಾಕಿದ್ದ ತೂಗುಮಣೆ. ನಮ್ಮ ಮಾವನವರು ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದವರು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದು ಆ ಮಣೆಯ ಮೇಲೆಯೇ ಮಲಗುತ್ತಿದ್ದರಂತೆ. ಅವರು ಬರುವ ಹೊತ್ತಿಗೆ ಈ ಪುಟ್ಟ ಸುಮಿತ್ರ ಮೊದಲೇ ಹೋಗಿ ಅದರ ಮೇಲೆ ಮಲಗಿಬಿಡುತ್ತಿದ್ದಳು. ಅವರು ಎಬ್ಬಿಸುತ್ತಿರಲಿಲ್ಲ, ಬೈಯುತ್ತಿರಲಿಲ್ಲ. "ಸ್ವಲ್ಪ ಸರಿಯಮ್ಮ" ಎಂದು ಪಕ್ಕದಲ್ಲೇ ಒರಗಿಕೊಂಡು, ಗೋಡೆಗೆ ಒಂದು ಕಾಲು ಕೊಟ್ಟು ಮಣೆ ತೂಗುತ್ತ ನಿದ್ದೆ ಹೋಗುತ್ತಿದ್ದರು. ಇದನ್ನು ಹೇಳುವಾಗ ಸುಮಿತ್ರ ಯಾವಾಗಲೂ ನಗುತ್ತಾಳೆ. ಆ ನಗು ನೋಡಿದರೆ ನನಗೆ ಸಂಕಟವಾಗುತ್ತದೆ.

ಮನೆ ಒಡೆಯುವವರ ಪದ್ಧತಿ ನಿಮಗೆ ಗೊತ್ತಿರಬಹುದು. ಕಿಟಕಿ, ಬಾಗಿಲು, ತೊಲೆ, ಮರದ ಸಾಮಾನೆಲ್ಲ ಅವರಿಗೇ ಸೇರಬೇಕು. ಅದೊಂದು ಭಾನುವಾರ ಬೆಳಿಗ್ಗೆ ಮುರಳಿ ಫೋನ್ ಮಾಡಿದ. "ಭಾವ, ಮುಂದಿನ ವಾರ ಬರೋ ಲಾರಿ ಇವತ್ತೇ ಬರ್ತಾ ಇದೆಯಂತೆ. ಮಣೆ ಬಿಚ್ಚಿಸಿ ಬಾಗಿಲ ಹತ್ರ ಇಟ್ಟಿದೀನಿ. ಬೇಗ ಬಂದು ತಗೊಂಡು ಹೋಗ್ಬಿಡಿ. ಅವರ ಲಾರಿಗೆ ಏರಿದ್ರೆ ಆಮೇಲೆ ಎಲ್ಲಿ ಅಂತ ಹುಡುಕೋದು?" ಎಂದ. ಗೂಡ್ಸ್ ಆಟೋ ಕರೆಸಲೇ ಎಂದೂ ಕೇಳಿದ. "ನಮ್ಮದೇ ಇಷ್ಟು ದೊಡ್ಡ ಗಾಡಿ ಇರ್ಬೇಕಾದ್ರೆ ಗೂಡ್ಸ್ ಆಟೋ ಯಾಕೋ?" ಎಂದು ನಾನು ಗದರಿದೆ. ಸುಮಿತ್ರ ಒಲೆ ಆರಿಸಿ, ಉಪ್ಪಿಟ್ಟನ್ನು ಹಾಗೆಯೇ ಬಿಟ್ಟು ಚಪ್ಪಲಿ ಮೆಟ್ಟಿಕೊಂಡಳು.

ನಾವು ಹೋಗುವಷ್ಟರಲ್ಲಿ ಲಾರಿ ಬಂದು ನಿಂತಿತ್ತು. ಒಡೆಯುವವರ ಮೇಸ್ತ್ರಿ ಕಿಟಕಿಗಳನ್ನು ಹೊರಿಸುತ್ತಿದ್ದ. ಮಣೆಯೋ, ಒಳ್ಳೆ ಬಾಗಿಲಿನಷ್ಟು ಉದ್ದ, ಹಳೆಯ ತೇಗ. ನಾನು ಗತ್ತಿನಿಂದ ಕಾರಿನ ಹಿಂಬಾಗಿಲು ತೆಗೆದು ಬೆರಳು ಚಾಚಿದೆ. ಪಟ್ಟಿ ಇಲ್ಲ. ಹಿಡಿಯೂ ಇಲ್ಲ! ತಡಕಿದೆ. ಕವರಿನ ಕೆಳಗೆಲ್ಲೋ ಗಂಟಿನಂಥದ್ದೊಂದು ಕೈಗೆ ಹತ್ತಿತು. ಅಂಗಡಿಯವನು ಎಲ್ಲವನ್ನೂ ಸೇರಿಸಿ ಭದ್ರವಾಗಿ ಹೊಲಿದುಬಿಟ್ಟಿದ್ದ. ಹಾಗೆ ಬಿಗಿಯಾಗಿ ಹೊಲಿ ಎಂದು ಪಕ್ಕದಲ್ಲಿ ನಿಂತು ಹೇಳಿದವನು ನಾನೇ.

ಮುರಳಿ ಮೊಬೈಲಿನಲ್ಲಿ ವಿಡಿಯೋ ಹುಡುಕಿದ. ಅದರಲ್ಲಿಯೂ ಒಬ್ಬ ಒಂದೇ ಬೆರಳಿನಲ್ಲಿ ಮಡಚಿ ನಗುತ್ತಿದ್ದ. ನಾವಿಬ್ಬರೂ ಸೀಟಿನ ಮೇಲೆ ಬಿದ್ದು ಒತ್ತಿದೆವು. ನಾನು ಒಳಗೆ ಹೋಗಿ ಕಾಲಿನಿಂದ ಒದೆಯುವಾಗ ಸೊಂಟ ಹಿಡಿದುಕೊಂಡು ಅಲ್ಲೇ ಸಿಕ್ಕಿಹಾಕಿಕೊಂಡೆ. ಮುರಳಿ ನನ್ನ ಕಾಲು ಹಿಡಿದು ಎಳೆಯಬೇಕಾಯಿತು. ಬೀದಿಯವರಿಗೆ ಪುಕ್ಕಟೆ ಮನರಂಜನೆ. ಮೇಸ್ತ್ರಿ ಬಂದು ಮರ್ಯಾದೆಯಾಗಿಯೇ, "ಸಾರ್, ನಿಮ್ಮ ಗಾಡೀಲಿ ಆಗಲ್ಲ ಬಿಡಿ. ನಮ್ಗೂ ಲೇಟಾಗ್ತಾ ಐತೆ. ಮಣೆ ಲಾರಿಗೆ ಹಾಕ್ಲಾ?" ಎಂದ.

ನಾನು ಸುಮಿತ್ರಳ ಕಡೆ ನೋಡಿದೆ. ಅವಳು ಆ ಮಣೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು, ಅಷ್ಟೇ. "ಮುರಳಿ, ಒಂದು ಕತ್ತರಿ ಕೊಡೋ" ಎಂದೆ. ಖಾಲಿಯಾದ ಮನೆಯಲ್ಲಿ ಕತ್ತರಿ ಎಲ್ಲಿಂದ ಬರಬೇಕು? ಎದುರುಮನೆಯವರು ತರಕಾರಿ ಹೆಚ್ಚುವ ಚಾಕು ಕೊಟ್ಟರು. ಕವರನ್ನು ಈ ಕೊನೆಯಿಂದ ಆ ಕೊನೆಗೆ ಸೀಳಿದೆ. ಸುಮಿತ್ರ ಓಡಿ ಬಂದಳು. "ಅಯ್ಯೋ, ಏನ್ರೀ ಮಾಡ್ತಾ ಇದೀರಾ? ಕವರ್ ರೀ!"

"ಹಾಳಾಗಿ ಹೋಗ್ಲಿ ಬಿಡೇ" ಎಂದೆ. ಹೇಳಿದ್ದು ನಾನೇನಾ ಎಂದು ನನಗೇ ಅನುಮಾನ ಬಂತು. ಕವರ್ ಆದ ಮೇಲೆ ಪ್ಲಾಸ್ಟಿಕ್ಕು. ಅದು ಚರ್ರನೆ ಹರಿಯುವಾಗ ಹೊಟ್ಟೆಯೊಳಗೆ ಸ್ವಲ್ಪ ಉರಿದದ್ದು ಸುಳ್ಳಲ್ಲ. ಒಳಗಿನಿಂದ ತಿಳಿಬೂದು ಬಣ್ಣದ ಸೀಟು ಹೊರಬಿತ್ತು. ಪಟ್ಟಿಯೂ ಸಿಕ್ಕಿತು. ಒಂದು ಬೆರಳಿನಿಂದ ಎಳೆದೆ. ಸೀಟು ಸುಮ್ಮನೆ ಮಲಗಿಕೊಂಡಿತು! ಇನ್ನೊಂದು ಸಾಲಿನ ಕವರಿಗೂ ಅದೇ ಗತಿ ಕಾಣಿಸಿದೆ. ಮೇಸ್ತ್ರಿಯೇ ತನ್ನ ಕಡೆಯವರನ್ನು ಕರೆದು ಮಣೆ ಎತ್ತಿಸಿದ.

ಹಿಂದಿನ ಎರಡು ಸಾಲು ಮಡಚಿದರೂ ಇನ್ನೊಂದಡಿ ಸಾಲಲಿಲ್ಲ. ಮುಂದಿನ ಎಡಗಡೆಯ ಸೀಟನ್ನೂ ಹಿಂದಕ್ಕೆ ಒರಗಿಸಿ ಮಣೆಯ ತುದಿಯನ್ನು ಅದರ ಮೇಲೆ ಏರಿಸಿದೆವು. ಬಾಗಿಲು ಮುಚ್ಚಿತು. ನಾನು ಕೈ ಕೊಡವಿಕೊಂಡು ಗೆದ್ದವನ ಹಾಗೆ ನಿಂತೆ. ಆಮೇಲೆ ಎಲ್ಲರೂ ಕಾರಿನೊಳಗೆ ಇಣುಕಿ ನೋಡಿದರು. ಉಳಿದದ್ದು ಡ್ರೈವರ್ ಸೀಟು ಒಂದೇ.

"ನೀನು ಆಟೋದಲ್ಲಿ ಬಂದ್ಬಿಡು, ನಾನು ನಿಧಾನಕ್ಕೆ ತಗೊಂಡು ಹೋಗ್ತೀನಿ" ಎಂದೆ.

"ಇಷ್ಟು ವರ್ಷ ಆದ್ಮೇಲೆ ಸಿಕ್ಕಿದೆ. ಅದನ್ನ ಬಿಟ್ಟು ನಾನು ಆಟೋದಲ್ಲಿ ಬರ್ಬೇಕಾ? ಕೀ ಕೊಡಿ" ಎಂದಳು ಸುಮಿತ್ರ.

ಅವಳು ಕಾರು ಓಡಿಸುವುದು ನನಗಿಂತ ಚೆನ್ನಾಗಿ. ಕೀ ಕೊಟ್ಟೆ. ಎಡಗೈಯನ್ನು ಮಣೆಯ ತುದಿಯ ಮೇಲಿಟ್ಟು ಒಮ್ಮೆ ತಟ್ಟಿ, ಗೇರ್ ಹಾಕಿ ಹೊರಟೇಹೋದಳು. ನಾನು ಬಸ್ಸಿಗೆ ಕಾದೆ. ಭಾನುವಾರದ ಬಸ್ಸು, ಕೈಕಂಬಿ ಹಿಡಿದು ಜೋತಾಡುತ್ತ ಬಂದೆ. ಬಸ್ಸಿನಿಂದ ಇಳಿದು ಹಿಡಿದ ಸೊಂಟದಲ್ಲೇ ಮನೆಯವರೆಗೆ ಕಾಲೆಳೆದೆ.

ಮನೆಯ ಮುಂದೆ ಹೊಂಗೆ ಮರದ ನೆರಳಲ್ಲಿ ಕಾರು ನಿಂತಿತ್ತು. ಹಿಂಬಾಗಿಲು ತೆರೆದಿತ್ತು. ಇಳಿಸಲು ಯಾರಾದರೂ ಬರಲಿ ಎಂದು ಕಾದು ಸಾಕಾಯಿತೋ ಏನೋ, ಸುಮಿತ್ರ ಮಣೆಯ ಮೇಲೆಯೇ ಮಗ್ಗುಲಾಗಿ ಮಲಗಿ ನಿದ್ದೆ ಹೋಗಿದ್ದಳು. ಬೀದಿಯಲ್ಲಿ ಓಡಾಡುವವರ ಪರಿವೆಯೇ ಇಲ್ಲ. ತಲೆಗೂದಲಲ್ಲೆಲ್ಲ ತವರುಮನೆಯ ಧೂಳು. ಎಬ್ಬಿಸಲು ಮನಸ್ಸು ಬರಲಿಲ್ಲ. ಉಸ್ಸಪ್ಪಾ ಎಂದು ಅಂಚಿನಲ್ಲಿ ಕೈಯೂರಿದೆ. ಅವಳು ಕಣ್ಣು ಬಿಡದೆ, ನಿದ್ದೆಗಣ್ಣಿನಲ್ಲೇ, "ಅಪ್ಪಾ, ಬಂದ್ಯಾ?" ಎಂದಳು.

ಇಲ್ಲ ಎನ್ನಲು ನನ್ನಿಂದ ಆಗಲಿಲ್ಲ. "ಹ್ಞೂಂ ಕಣಮ್ಮ, ಬಂದೆ" ಎಂದೆ. ಅವಳು ಮುದುರಿಕೊಂಡು ಸ್ವಲ್ಪ ಆಚೆ ಸರಿದಳು. ನಾನು ಸದ್ದಾಗದಂತೆ ಹತ್ತಿ ಪಕ್ಕದಲ್ಲಿ ಕೂತೆ. ನನ್ನದೇ ಕಾರಿನಲ್ಲಿ ಆ ದಿನ ನನಗೆ ಸಿಕ್ಕ ಜಾಗ ಅಷ್ಟೇ, ಅದೂ ಮಾವನವರ ಹೆಸರಿನಲ್ಲಿ.