ನನ್ನ ಕಣ್ಣು, ವೆಂಕಟಲಕ್ಷ್ಮಿಯ ತೂಕ

ಮನುಷ್ಯ ಅಂದಮೇಲೆ ಒಂದಲ್ಲ ಒಂದು ಚಟ ಇದ್ದೇ ಇರುತ್ತದೆ. ನನ್ನದು ಸ್ವಲ್ಪ ವಿಚಿತ್ರವಾದದ್ದು. ಹೆಸರು ಮಾಡಿದ ಆಟಗಾರರ ಮೇಲೆ ನನಗೆ ಆಸಕ್ತಿಯೇ ಇಲ್ಲ, ಅವರನ್ನು ಟೀವಿಯವರು ನೋಡಿಕೊಳ್ಳುತ್ತಾರೆ. ನನ್ನ ಗಮನವೆಲ್ಲ ಮೂಗು ಒರೆಸಿಕೊಳ್ಳುತ್ತ ಅಂಗಳಕ್ಕಿಳಿಯುವ ಹನ್ನೆರಡು ಹದಿನಾಲ್ಕರ ಮಕ್ಕಳ ಮೇಲೆ. ಇದರಲ್ಲಿ ಕ್ರೀಡಾಪ್ರೇಮಕ್ಕಿಂತ ಸ್ವಾರ್ಥವೇ ಹೆಚ್ಚು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮುಂದೊಂದು ದಿನ ಆ ಮಗು ದೊಡ್ಡ ಆಟಗಾರನಾದಾಗ ನಾನು ಟೀ ಅಂಗಡಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, "ನಾನು ಅವತ್ತೇ ಹೇಳಿರಲಿಲ್ವಾ?" ಎನ್ನಬೇಕು. ಈ ಒಂದು ವಾಕ್ಯಕ್ಕಾಗಿ ಹತ್ತು ವರ್ಷದಿಂದ ಪ್ರತಿ ಭಾನುವಾರ ಕಾಮಸಮುದ್ರದಲ್ಲಿ ಬಸ್ಸು ಹತ್ತಿ ಉರಿಗಾಂ ಮೈದಾನಕ್ಕೆ ಹೋಗುತ್ತಿದ್ದೇನೆ. ಅಲ್ಲಿನ ಕಬಡ್ಡಿ ಕ್ಲಬ್ಬಿನ ದೊಡ್ಡವರ ತಂಡದಲ್ಲಿ ಯಾರ್‍ಯಾರಿದ್ದಾರೆಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತೇನೆ. ಕಿರಿಯರ ತಂಡದಲ್ಲಾದರೆ ಯಾರ ಮಂಡಿಯ ಗಾಯ ಯಾವ ವಾರದ್ದೆಂದು ಕೂಡ ಬಲ್ಲೆ.

ತೊಂದರೆಯೆಂದರೆ, ಆ ವಾಕ್ಯ ಹೇಳುವ ಯೋಗ ಮಾತ್ರ ಕೂಡಿ ಬಂದಿರಲಿಲ್ಲ. "ಇವನು ರಾಜ್ಯಕ್ಕೆ ಆಡ್ತಾನೆ" ಎಂದು ನಾನು ಸಾರಿದ ಮೊದಲ ಹುಡುಗ ಮರುವಾರವೇ ಸೀಬೆಮರದಿಂದ ಬಿದ್ದು ಕೈ ಮುರಿದುಕೊಂಡ. ಎರಡನೆಯವನು ಚದುರಂಗಕ್ಕೆ ಹೋದ. ಮೂರನೆಯವಳಿಗೆ ಇದ್ದಕ್ಕಿದ್ದಂತೆ ಭರತನಾಟ್ಯದ ಹುಚ್ಚು ಹಿಡಿಯಿತು. ನನ್ನದು ಕೆಟ್ಟ ಕಣ್ಣು ಎಂದು ಊರು ತೀರ್ಮಾನಿಸಲು ಇಷ್ಟು ಸಾಕಾಯಿತು. ನಾನು ಗೇಟು ದಾಟುತ್ತಲೇ ತಾಯಂದಿರು ಮಕ್ಕಳ ಕೆನ್ನೆಗೆ ಕಾಡಿಗೆ ಬೊಟ್ಟಿಡುವುದನ್ನು ಈ ಕೆಟ್ಟ ಕಣ್ಣಿಂದಲೇ ನೋಡಿದ್ದೇನೆ. ಅಷ್ಟೇಕೆ, ಕರು ಹಾಕಿದ ಹಸುವಿನ ಹತ್ತಿರ ಹೋದರೆ ನನ್ನ ಹೆಂಡತಿಯೇ, "ಒಗಳ್ಬೇಡಿ, ಸುಮ್ಕೆ ಉಲ್ಲಾಕಿ ಬನ್ನಿ" ಎನ್ನುತ್ತಾಳೆ.

ಹೀಗಿರುವಾಗ ವೆಂಕಟಲಕ್ಷ್ಮಿ ಕಣ್ಣಿಗೆ ಬಿದ್ದಳು. ನಮ್ಮೂರಿನವಳೇ, ಕೂಲಿಗೆ ಹೋಗುವ ಮುನಿಯಮ್ಮನ ಮಗಳು, ಒಂಬತ್ತನೇ ಕ್ಲಾಸು. ಬೇಲಿ ಹಾರಿದ ಮೇಕೆಯ ಹಾಗೆ ಎದುರಾಳಿಗಳ ಅಂಗಳಕ್ಕೆ ನುಗ್ಗಿ, ಇಬ್ಬರನ್ನು ಮುಟ್ಟಿ, ಅವರಿಗೆ ತಿಳಿಯುವ ಮೊದಲೇ ಗೆರೆಯೀಚೆ ನಿಂತು ಜಡೆ ಸರಿಮಾಡಿಕೊಳ್ಳುತ್ತಿದ್ದಳು. ಇವಳು ರಾಜ್ಯಕ್ಕೇ ಆಡುತ್ತಾಳೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೂ ಈ ಸಲ ಬಾಯಿ ಬಿಡಲಿಲ್ಲ. ಮಾತಾಡಿದರೆ ತಾನೇ ಕೇಡು, ಸದ್ದಿಲ್ಲದೆ ಸೇವೆ ಮಾಡಿದರೆ ಏನು ಕೇಡು? ಮೈಯಲ್ಲಿ ಶಕ್ತಿ ತುಂಬಿದರೆ ಯಾರು ತಾನೇ ಹಿಡಿದಾರು ಎಂಬುದು ನನ್ನ ತರ್ಕ. ನಾನು ಊರಿನ ಹಾಲಿನ ಡೇರಿಯ ಸೆಕ್ರೆಟರಿ. ಮನೆಯಲ್ಲಿ ಸ್ವಂತದ ಎರಡು ಹಸುಗಳಿವೆ. ಎರಡು ತಿಂಗಳು ದಿನಕ್ಕೊಂದು ಲೀಟರ್ ಗಟ್ಟಿ ಹಾಲು, ಅದರ ಜೊತೆಗೆ ಬೇಯಿಸಿದ ಮೊಟ್ಟೆ, ಕಡಲೆಕಾಯಿ ಉಂಡೆ, ಮುದ್ದೆಯ ಮೇಲೆ ತುಪ್ಪ. ಹುಡುಗಿ ಬಾಯಿ ಒರೆಸಿಕೊಂಡು "ಸಾಕು ಮಾಮ" ಎನ್ನುತ್ತಿದ್ದಳು. ದಾಕ್ಷಿಣ್ಯಕ್ಕೆ ಹಾಗನ್ನುತ್ತಾಳೆ ಎಂದುಕೊಂಡು ಇನ್ನೊಂದು ಲೋಟ ಬಗ್ಗಿಸುತ್ತಿದ್ದೆ.

ಪಂದ್ಯಾವಳಿಯ ದಿನ ಬಂತು. ಜಿಲ್ಲಾ ತಂಡಕ್ಕೆ ಆರಿಸುವವರು ಅವತ್ತು ಉರಿಗಾಮಿಗೇ ಬರುವವರಿದ್ದರು. ಅವರ ಕಣ್ಣಿಗೆ ಬಿದ್ದರೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು, ಓದು, ಊಟ ಎಲ್ಲ ಸಿಗುತ್ತದೆಂದು ವೆಂಕಟಲಕ್ಷ್ಮಿ ಬಸ್ಸಿನ ದಾರಿಯುದ್ದಕ್ಕೂ ಹೇಳುತ್ತ ಬಂದಳು. ಮೈದಾನದಲ್ಲಿ ಕೋಚ್ ಸೆಲ್ವಂ ಮಾಸ್ಟರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೂಕದ ಮೆಷಿನ್ ಹತ್ತಿಸುತ್ತಿದ್ದರು. ಕಿರಿಯರ ತಂಡದಲ್ಲಿ ಆಡಬೇಕಾದರೆ ಐವತ್ತೈದು ಕೆಜಿ ದಾಟುವಂತಿಲ್ಲವಂತೆ. ಹತ್ತು ವರ್ಷದಿಂದ ಅಲ್ಲಿಗೆ ಹೋಗುತ್ತಿರುವ ನನಗೆ ಇದು ಗೊತ್ತಾದದ್ದು ಅವತ್ತೇ. ಆಟ ಶುರುವಾಗುವ ಹೊತ್ತಿಗೆ ಸರಿಯಾಗಿ ಹೋಗುವವನು ನಾನು, ತೂಕದ ಹೊತ್ತಿಗೆ ಎಂದೂ ಹೋದವನಲ್ಲ. ವೆಂಕಟಲಕ್ಷ್ಮಿ ಹತ್ತಿದಳು. ಐವತ್ತೈದೂವರೆ.

ಮಾಸ್ಟರು ಎರಡು ಸಲ ಇಳಿಸಿ ಹತ್ತಿಸಿದರು. "ಎರಡು ತಿಂಗಳು ಮುಂಚೆ ಐವತ್ತೊಂದು ಇತ್ತು. ಯಾರ್ ಸಾರ್ ಈ ಪಾಪಾಗೆ ಇಷ್ಟು ತಿನ್ಸಿದ್ದು?" ಎಂದರು. ಎಲ್ಲರೂ ನನ್ನನ್ನು ನೋಡಿದರು. ಊರ ಹಾಲನ್ನೆಲ್ಲ ದಿನಕ್ಕೆರಡು ಸಲ ತೂಗುವ ನಾನು, ಆ ಹಾಲು ಮಗುವಿನ ಹೊಟ್ಟೆಗೆ ಹೋದರೆ ಎಷ್ಟು ತೂಗೀತು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು.

ಮಾಸ್ಟರು ಒಂದು ಗಂಟೆ ಸಮಯ ಕೊಟ್ಟರು. ಬೆವರಿ ತೂಕ ಇಳಿಯಲೆಂದು ಅವಳಿಗೆ ಎರಡು ಸ್ವೆಟರ್ ಹಾಕಿಸಿ ಮೈದಾನ ಸುತ್ತಿಸಲು ಹೊರಟರು. ಪಾಪಪ್ರಜ್ಞೆ ತಡೆಯಲಾರದೆ ಪಂಚೆ ಎತ್ತಿ ಕಟ್ಟಿ ನಾನೂ ಜೊತೆಗೆ ಓಡಿದೆ. ಮೂರನೇ ಸುತ್ತಿಗೆ ನನ್ನ ಪಿತೃಗಳೆಲ್ಲ ಕಣ್ಣ ಮುಂದೆ ಬಂದು ಹೋದರು. ಆ ಹುಡುಗಿಯೇ ನನ್ನ ರೆಟ್ಟೆ ಹಿಡಿದು, "ನೀವು ಕೂತ್ಕಳಿ ಮಾಮ, ತೂಕ ನಂದು" ಎಂದಳು. ಗಂಟೆ ಮುಗಿದಾಗ ಓಲೆ, ಗೆಜ್ಜೆ, ಹೇರ್‌ಪಿನ್ ಎಲ್ಲ ಬಿಚ್ಚಿಟ್ಟು ಹತ್ತಿದಳು. ಇನ್ನೂ ಐವತ್ತು ಗ್ರಾಂ ಹೆಚ್ಚಿತ್ತು.

ಮೈಮೇಲೆ ಇನ್ನೇನಾದರೂ ಇದೆಯೇ ಎಂದು ಮಾಸ್ಟರು ಕೇಳಿದರು. ಅವಳು ತಲೆ ತಗ್ಗಿಸಿದಳು. ಸೊಂಟದ ದಾರದಲ್ಲಿ ಹೆಬ್ಬೆರಳು ದಪ್ಪದ ಹಿತ್ತಾಳೆ ತಾಯತವೊಂದಿತ್ತು. ಬಿಚ್ಚಲು ಹೇಳಿದರೆ ಒಲ್ಲೆನೆಂದಳು. ನಾನು ಪುಸಲಾಯಿಸಲು ಹೋದಾಗ ಮೆಲ್ಲಗೆ ಹೇಳಿದಳು, "ಇದು ನಿಮ್ ಕಣ್ ಬೀಳ್ದಂಗೆ ಅಂತ ಅಮ್ಮ ಕಟ್ಟಿರೋದು ಮಾಮ. ಇದ್ ಬಿಚ್ಚಿ ನಾ ಎಂಗ್ ಆಡ್ಲಿ?"

ದಿನಾ ನನ್ನ ಕೈಯಿಂದ ಹಾಲು ಕುಡಿದ ಹುಡುಗಿ! ಒಂದು ಗಳಿಗೆ, ಕುಡಿಸಿದ ಲೀಟರುಗಳನ್ನೆಲ್ಲ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಮರುಗಳಿಗೆಗೆ, ಅವಳ ಹಾಸ್ಟೆಲಿನ ಸೀಟು ಆ ಹಿತ್ತಾಳೆ ತುಂಡಿಗೆ ನೇತಾಡುತ್ತಿದೆಯಲ್ಲ ಎನ್ನಿಸಿತು. "ನೀನು ಬಿಚ್ಚು ಕಣಮ್ಮ, ನಾನು ನೋಡಲ್ಲ" ಎಂದು ಮಾತು ಕೊಟ್ಟು, ಕುರ್ಚಿಯನ್ನು ನೀರಿನ ಟ್ಯಾಂಕಿನ ಗೋಡೆಯ ಕಡೆಗೆ ತಿರುಗಿಸಿಕೊಂಡು ಕೂತೆ. ತಾಯತ ಕಳಚಿತು. ಸರಿಯಾಗಿ ಐವತ್ತೈದಂತೆ.

ಆಮೇಲೆ ನಡೆದದ್ದನ್ನು ನಾನು ಕೇಳಿದ್ದೇನೆ, ನೋಡಿಲ್ಲ. ಬೆನ್ನ ಹಿಂದೆ ಶಿಳ್ಳೆ, ಚಪ್ಪಾಳೆ, ತಮಿಳು ತೆಲುಗು ಕನ್ನಡ ಮೂರರಲ್ಲೂ ಅವಳ ಹೆಸರು. ಪಕ್ಕದವನು "ಅಯ್ಯೋ, ನಾಕ್ ಜನಾನ ಎಳ್ಕೊಂಡ್ ಬಂದ್ಲು ಕಣ್ಲಾ" ಎಂದು ಯಾರಿಗೋ ಹೇಳುತ್ತಿದ್ದ. ನನ್ನ ಕುತ್ತಿಗೆ ತಾನಾಗಿ ತಿರುಗಲು ನೋಡಿತು. ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು, ಗೋಡೆಯ ಮೇಲಿದ್ದ "ಇಲ್ಲಿ ಮೂತ್ರ ವಿಸರ್ಜಿಸಬಾರದು" ಎಂಬುದನ್ನು ನಲವತ್ತು ಸಲ ಓದಿದೆ. ವೆಂಕಟಲಕ್ಷ್ಮಿ ಜಿಲ್ಲಾ ತಂಡಕ್ಕೆ ಆಯ್ಕೆಯಾದಳು. ಕುಣಿಯುವಷ್ಟು ಸಂತೋಷವಾಯಿತು. ಕುಣಿದೆ ಕೂಡ, ಗೋಡೆಯ ಕಡೆ ಮುಖ ಮಾಡಿಯೇ.

ಮರುದಿನ ಟೀ ಅಂಗಡಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತೆ. "ನಾನು ಅವತ್ತೇ..." ಎಂದು ಶುರುಮಾಡಿದವನಿಗೆ, ಈ ಸಲ ಯಾರಿಗೂ ಏನೂ ಹೇಳಿರಲಿಲ್ಲವೆಂಬುದು ನೆನಪಾಯಿತು. ಕೊನೆಯ ರೈಡ್ ಹೇಗಿತ್ತೆಂದು ಅಲ್ಲಿದ್ದವರೇ ಕೇಳಿದರೆ ಗೋಡೆಯ ಮೇಲಿನ ಸೂಚನೆಯನ್ನಷ್ಟೇ ಒಪ್ಪಿಸಬಹುದಿತ್ತು. ಆದರೆ ಉರಿಗಾಮಿನಲ್ಲಿ ಈಗ ನನ್ನ ಗೌರವವೇ ಬೇರೆ. ಮೊದಲು ಕಾಡಿಗೆ ಹಚ್ಚುತ್ತಿದ್ದ ತಾಯಂದಿರು, "ನಮ್ ಪಾಪು ಫೈನಲ್ಲಾಡ್ತದೆ, ವಸಿ ಬಂದು ಗೋಡೆ ಕಡೆ ತಿರುಗ್ಕೊಂಡ್ ಕೂತ್ಕಳಿ ಸೆಕ್ರೆಟ್ರಿಯಣ್ಣ" ಎಂದು ಮನೆಗೇ ಬಂದು ಕರೆಯುತ್ತಾರೆ. ಟ್ಯಾಂಕಿನೆದುರು ನನಗೆಂದೇ ಒಂದು ಕುರ್ಚಿಯಿದೆ. ಹೋದ ವಾರ ಗೋಡೆಗೆ ಸುಣ್ಣ ಹೊಡೆದು ಆ ಸೂಚನೆಯನ್ನು ಯಾರೋ ಹೊಸದಾಗಿ ಬರೆದಿದ್ದಾರೆ. ಅಕ್ಷರಗಳು ಮುತ್ತು ಪೋಣಿಸಿದ ಹಾಗಿವೆ. ಆ ಕೈಗೆ ದೊಡ್ಡ ಭವಿಷ್ಯವಿದೆ ಎನ್ನಿಸಿತು. ಯಾರಿಗೂ ಹೇಳಿಲ್ಲ.